ಕೊರೊನಾ ವೈರಸ್ಸಿನ ಪ್ರಾಣಿಮೂಲವನ್ನು ತನಿಖೆ ಮಾಡುವ ಬಗೆ

ಇಪ್ಪತ್ತೊಂದನೇ ಶತಮಾನದಲ್ಲಿ ಮೂರು ಹೊಸ ಕೊರೊನಾ ವೈರಸ್‌ಗಳು ಮನುಷ್ಯರಲ್ಲಿ ಕಾಣಿಸಿಕೊಂಡು ಜೀವಹಾನಿ ಮಾಡಿವೆ. 2002ರ ನವೆಂಬರಿನಲ್ಲಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಶುರುವಾದ ಸಾರ್ಸ್ 8,096 ಮಂದಿಗೆ ತಗುಲಿ 774 ಮಂದಿಯನ್ನು ಬಲಿ ತೆಗೆದುಕೊಂಡಿತು. 2012ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಗುರುತಿಸಲಾದ ಮೆರ್ಸ್, ಸೋಂಕು ದೃಢಪಟ್ಟವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರನ್ನು ಕೊಂದಿದೆ. 2019ರ ಡಿಸೆಂಬರಿನಲ್ಲಿ ವುಹಾನ್ ನಗರದಲ್ಲಿ ಗೊತ್ತಾದ ಕೋವಿಡ್ ನಮ್ಮೆಲ್ಲರ ಮನೆ ಬಾಗಿಲಿಗೂ ಬಂದು ಹೋಯಿತು. ಮೊದಲ ಎರಡರ ಪ್ರಾಣಿಮೂಲ ಬಹುಮಟ್ಟಿಗೆ ತಿಳಿದಿದೆ. ಮೂರನೆಯದರಲ್ಲಿ ಮನುಷ್ಯರಿಗಿಂತ ಮೊದಲು ಸೋಂಕು ತಗುಲಿದ್ದ ಒಂದು ಪ್ರಾಣಿಯೂ ಇಂದಿಗೂ ಸಿಕ್ಕಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ವಿಜ್ಞಾನದ ಕೊರತೆಯಲ್ಲ. 2003ಕ್ಕಿಂತ 2020ರಲ್ಲಿ ನಮ್ಮ ಪ್ರಯೋಗಾಲಯಗಳು ಎಷ್ಟೋ ಪಾಲು ಸಮರ್ಥವಾಗಿದ್ದವು. ಮೊದಲ ಕೆಲವು ವಾರಗಳಲ್ಲಿ ಯಾವ ಪ್ರಾಣಿಯ ಮೂಗಿಗೆ ಸ್ವಾಬ್ ಹಾಕಲಾಯಿತು, ಯಾವುದಕ್ಕೆ ಹಾಕಲಿಲ್ಲ ಎಂಬುದೇ ಮುಂದಿನ ಎಲ್ಲವನ್ನೂ ನಿರ್ಧರಿಸಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಶುವೈದ್ಯಕೀಯ, ಸೂಕ್ಷ್ಮಜೀವಿ ವಿಜ್ಞಾನ ಅಥವಾ ಸಾರ್ವಜನಿಕ ಆರೋಗ್ಯವನ್ನು ಓದುತ್ತಿರುವವರಿಗೆ, ಹಾಗೆಯೇ ಇಂಥ ತನಿಖೆಗಳ ವರದಿಯನ್ನು ಓದಿ ಜನರಿಗೆ ತಿಳಿಸಬೇಕಾದ ಪತ್ರಕರ್ತರಿಗೆ, ತನಿಖೆ ಯಾವ ಕ್ರಮದಲ್ಲಿ ಸಾಗಬೇಕು ಮತ್ತು ಪ್ರತಿ ಹಂತದಲ್ಲಿ ಸಿಗುವ ಸಾಕ್ಷ್ಯದಿಂದ ಎಷ್ಟನ್ನು ಮಾತ್ರ ಹೇಳಬಹುದು ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳಿ

"ವೈರಸ್ ಎಲ್ಲಿಂದ ಬಂತು" ಎಂಬುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಮೂರು ಪ್ರಶ್ನೆಗಳಿವೆ. ವೈರಸ್ಸಿನ ಪೂರ್ವಜರು ದೀರ್ಘಕಾಲದಿಂದ ಯಾವ ಪ್ರಾಣಿಯಲ್ಲಿ ನೆಲೆಸಿದ್ದಾರೆ ಎಂಬುದು ಮೊದಲನೆಯದು. ಇದನ್ನು ಆಶ್ರಯ ಪ್ರಾಣಿ ಎನ್ನೋಣ. ಮನುಷ್ಯರ ಬಳಿಗೆ ಅದನ್ನು ತಂದ ಪ್ರಾಣಿ ಯಾವುದು ಎಂಬುದು ಎರಡನೆಯದು. ಇದು ಮಧ್ಯವರ್ತಿ ಪ್ರಾಣಿ. ಸೋಂಕು ಎಲ್ಲಿ, ಯಾವಾಗ, ಎಷ್ಟು ಸಲ ದಾಟಿತು ಎಂಬುದು ಮೂರನೆಯದು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ತನಿಖೆ ದಾರಿ ತಪ್ಪುತ್ತದೆ.

ಸಾರ್ಸ್‌ನ ಉದಾಹರಣೆಯನ್ನೇ ನೋಡಿ. ಗುವಾಂಗ್‌ಝೌ ನಗರದ ಒಂದು ಪ್ರಾಣಿ ಮಾರುಕಟ್ಟೆಯಲ್ಲಿದ್ದ ಸಿವೆಟ್‌ಗಳಲ್ಲಿ, ಅಂದರೆ ನಮ್ಮ ಪುನುಗು ಬೆಕ್ಕಿನ ಬಳಗದ ಪ್ರಾಣಿಗಳಲ್ಲಿ, ಸುಮಾರು ಶೇ. 80ರಷ್ಟರ ರಕ್ತದಲ್ಲಿ ಸಾರ್ಸ್ ವೈರಸ್ಸಿಗೆ ಪ್ರತಿಕಾಯಗಳಿದ್ದವು, ಅಂದರೆ ಸೋಂಕು ತಗುಲಿದ್ದರ ಗುರುತು ಉಳಿದಿತ್ತು. ಆದರೆ ಅದೇ ಪ್ರಾಣಿಗಳನ್ನು ಸಾಕುವ ಫಾರಂಗಳಿಗೆ ಹೋಗಿ ಪರೀಕ್ಷಿಸಿದಾಗ ಅಲ್ಲಿನವು ಬಹುತೇಕ ಸೋಂಕುರಹಿತವಾಗಿದ್ದವು. ಸಿವೆಟ್ ಈ ವೈರಸ್ಸಿನ ಶಾಶ್ವತ ಮನೆಯಲ್ಲ, ಸಾಗಣೆಯಲ್ಲಿಯೋ ಮಾರುಕಟ್ಟೆಯ ಪಂಜರಗಳಲ್ಲಿಯೋ ಸೋಂಕು ಹತ್ತಿಸಿಕೊಂಡು ಅದನ್ನು ಹೆಚ್ಚಿಸಿದ ಮಧ್ಯವರ್ತಿ ಎಂಬುದು ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿದಾಗಲೇ ಹೊಳೆಯುವ ಸಂಗತಿ. ಮೆರ್ಸ್‌ನಲ್ಲಿ ಹಾಗಲ್ಲ; ಅಲ್ಲಿ ಮನುಷ್ಯರಿಗೆ ಸೋಂಕು ದಾಟಿಸುವ ಒಂಟೆಗಳಲ್ಲಿಯೇ ವೈರಸ್ ದಶಕಗಳಿಂದ ಬೀಡುಬಿಟ್ಟಿದೆ.

ಪ್ರಶ್ನೆಗಳನ್ನು ಬರೆದುಕೊಳ್ಳುವಾಗಲೇ ಪರ್ಯಾಯ ಊಹೆಗಳನ್ನೂ ಬರೆದಿಡಬೇಕು. ಕಾಡುಪ್ರಾಣಿಯಿಂದ ನೇರವಾಗಿ ದಾಟಿರಬಹುದು, ಸಾಕಿದ ಪ್ರಾಣಿಯ ಮೂಲಕ ಬಂದಿರಬಹುದು, ಕ್ಷೇತ್ರಕಾರ್ಯದಲ್ಲಿ ಅಥವಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ತಗುಲಿರಬಹುದು. ಪ್ರತಿಯೊಂದು ನಿಜವಾಗಿದ್ದರೆ ಏನೇನು ಸಿಗಬೇಕು, ಏನು ಸಿಕ್ಕರೆ ಅದನ್ನು ಕೈಬಿಡಬೇಕು ಎಂಬುದನ್ನು ಸಾಕ್ಷ್ಯ ಕೈಗೆ ಬರುವ ಮೊದಲೇ ಕಾಗದದ ಮೇಲೆ ಇಡುವುದು ಒಳ್ಳೆಯದು. ಸಾಕ್ಷ್ಯ ಬಂದ ಮೇಲೆ ಬರೆಯುವ ಊಹೆ ಆ ಸಾಕ್ಷ್ಯಕ್ಕೆ ತಕ್ಕಂತೆಯೇ ಬಾಗುತ್ತದೆ.

ಮೊದಲ ರೋಗಿಗಳನ್ನು ಹುಡುಕುವುದು

ಆಸ್ಪತ್ರೆಗೆ ಮೊದಲು ಬಂದವರೇ ಮೊದಲ ಸೋಂಕಿತರು ಎಂದು ಭಾವಿಸಬಾರದು. ಹಿಂದಿನ ಎರಡು ಮೂರು ತಿಂಗಳಲ್ಲಿ ಆ ಪ್ರದೇಶದ ಆಸ್ಪತ್ರೆಗಳಲ್ಲಿ ದಾಖಲಾದ ಕಾರಣ ತಿಳಿಯದ ನ್ಯುಮೋನಿಯಾ ಪ್ರಕರಣಗಳನ್ನೆಲ್ಲ ಮರಳಿ ತೆರೆದು, ಉಳಿದಿರುವ ಗಂಟಲು ದ್ರವ ಮತ್ತು ರಕ್ತದ ಮಾದರಿಗಳನ್ನು ಪರೀಕ್ಷಿಸಬೇಕು. ಪ್ರತಿ ರೋಗಿಯ ಉದ್ಯೋಗ, ಮನೆ ಇರುವ ಸ್ಥಳ, ರೋಗಲಕ್ಷಣ ಕಾಣಿಸಿದ ದಿನ, ಅದಕ್ಕೆ ಹಿಂದಿನ ಹದಿನೈದು ದಿನಗಳಲ್ಲಿ ಪ್ರಾಣಿಗಳ ಜೊತೆಗೆ ಬಂದ ಸಂಪರ್ಕ, ಇವಿಷ್ಟನ್ನೂ ಒಂದೇ ನಮೂನೆಯಲ್ಲಿ ದಾಖಲಿಸಬೇಕು. ಗುವಾಂಗ್‌ಡಾಂಗ್‌ನ ಆರಂಭದ ಸಾರ್ಸ್ ರೋಗಿಗಳಲ್ಲಿ ಅಡುಗೆಯವರು, ಪ್ರಾಣಿಗಳನ್ನು ಕೊಯ್ಯುವವರು, ಆಹಾರ ವ್ಯಾಪಾರದವರು ಎದ್ದು ಕಾಣುವಷ್ಟಿದ್ದರು. ತನಿಖೆಯನ್ನು ಮಾರುಕಟ್ಟೆಯ ಕಡೆಗೆ ತಿರುಗಿಸಿದ್ದು ಈ ಉದ್ಯೋಗದ ಕಾಲಮ್ಮೇ.

ಇಲ್ಲಿ ಒಂದು ಅಪಾಯವಿದೆ. ವೈದ್ಯರು ಒಮ್ಮೆ ಮಾರುಕಟ್ಟೆಯ ಮೇಲೆ ಅನುಮಾನಪಟ್ಟರೆ ಮಾರುಕಟ್ಟೆಗೆ ಹೋಗಿ ಬಂದ ರೋಗಿಗಳನ್ನೇ ಹೆಚ್ಚಾಗಿ ಗುರುತಿಸುತ್ತಾರೆ, ಆಮೇಲೆ ರೋಗಿಗಳೆಲ್ಲ ಅಲ್ಲಿಯವರೇ ಎಂಬ ತೀರ್ಮಾನ ತಾನಾಗಿ ಹುಟ್ಟುತ್ತದೆ. ವುಹಾನ್‌ನಲ್ಲಿ 2019ರ ಡಿಸೆಂಬರಿನ 174 ಪ್ರಕರಣಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾದ ಜಂಟಿ ತಂಡ 2021ರಲ್ಲಿ ಪಟ್ಟಿ ಮಾಡಿದಾಗ, ಕಾಡುಪ್ರಾಣಿಗಳನ್ನೂ ಮಾರುತ್ತಿದ್ದ ಅಲ್ಲಿನ ಹುವಾನಾನ್ ಸಗಟು ಮಾರುಕಟ್ಟೆಯ ನೇರ ಸಂಪರ್ಕವಿದ್ದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಈ ಪಕ್ಷಪಾತದಿಂದ ಪಾರಾಗುವ ಒಂದು ದಾರಿ ಮಾರುಕಟ್ಟೆಯ ಸಂಪರ್ಕವೇ ಇಲ್ಲದವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸುವುದು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ 155 ರೋಗಿಗಳ ವಾಸಸ್ಥಳವನ್ನು ಹೀಗೆ ಗುರುತಿಸಿ, ಸಂಪರ್ಕವಿಲ್ಲದವರ ಮನೆಗಳೂ ಮಾರುಕಟ್ಟೆಯ ಸುತ್ತಲೇ ದಟ್ಟವಾಗಿದ್ದುದನ್ನು ತೋರಿಸಿತು. ಆ ಪ್ರದೇಶದ ಆಸ್ಪತ್ರೆಗಳೇ ಹೆಚ್ಚು ಎಚ್ಚರದಿಂದ ಹುಡುಕಿದ್ದರಿಂದ ಹಾಗಾಗಿರಬಹುದು ಎಂದು ವಿಮರ್ಶಕರು ಆಕ್ಷೇಪಿಸಿದರು. ಆಕ್ಷೇಪಕ್ಕೆ ಉತ್ತರಿಸಬೇಕಾದರೆ ಆ ಅವಧಿಯಲ್ಲಿ ಯಾವ ಆಸ್ಪತ್ರೆ ಯಾರನ್ನು ಪರೀಕ್ಷಿಸಿತು, ಯಾರನ್ನು ಪರೀಕ್ಷಿಸದೆ ಕಳಿಸಿತು ಎಂಬ ದಾಖಲೆ ಬೇಕು. ಪಾಸಿಟಿವ್ ಬಂದವರ ಪಟ್ಟಿಯಷ್ಟೇ ಜೋಪಾನವಾಗಿ ನೆಗೆಟಿವ್ ಬಂದವರ ಪಟ್ಟಿಯನ್ನೂ ಇಟ್ಟುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ.

ರಕ್ತನಿಧಿಗಳಲ್ಲಿ ಉಳಿದಿರುವ ಮಾದರಿಗಳು ಈ ಹಂತದಲ್ಲಿ ಬಹಳ ಉಪಯುಕ್ತ. ವುಹಾನ್ ರಕ್ತ ಕೇಂದ್ರದಲ್ಲಿ 2019ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ರಕ್ತದಾನ ಮಾಡಿದ 32,484 ಮಂದಿಯ ಮಾದರಿಗಳನ್ನು ಪರೀಕ್ಷಿಸಿದಾಗ ಯಾರಲ್ಲಿಯೂ ಈ ವೈರಸ್ಸಿಗೆ ನಿರ್ದಿಷ್ಟವಾದ ಪ್ರತಿಕಾಯ ಸಿಗಲಿಲ್ಲ. ಸೋಂಕು ಆಗ ಇರಲೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ನಗರದಲ್ಲಿ ವ್ಯಾಪಕವಾಗಿ ಹರಡಿರಲಿಲ್ಲ ಎಂದು ಮಾತ್ರ ಹೇಳಬಹುದು.

ಮಾರುಕಟ್ಟೆ: ತೊಳೆಯುವ ಮೊದಲು

ಈ ಹಂತವನ್ನು ನಾನು ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಕಳೆದುಹೋದದ್ದು ಎಂದಿಗೂ ಮರಳಿ ಸಿಗುವುದಿಲ್ಲ.

2003ರ ಮೇ ತಿಂಗಳಿನಲ್ಲಿ, ಸಾರ್ಸ್ ಇನ್ನೂ ಹರಡುತ್ತಿದ್ದಾಗಲೇ, ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಗುವಾನ್ ಯಿ ಮತ್ತು ಸಂಗಡಿಗರು ಶೆನ್‌ಜೆನ್ ನಗರದ ಜೀವಂತ ಪ್ರಾಣಿಗಳ ಮಾರುಕಟ್ಟೆಗೆ ಹೋಗಿ 25 ಪ್ರಾಣಿಗಳಿಂದ ಮೂಗಿನ ಮತ್ತು ಮಲದ ಸ್ವಾಬ್‌ಗಳನ್ನೂ ಸಾಧ್ಯವಾದ ಕಡೆ ರಕ್ತವನ್ನೂ ತೆಗೆದುಕೊಂಡರು. ಇಪ್ಪತ್ತೈದೇ ಪ್ರಾಣಿಗಳು. ಅಷ್ಟರಲ್ಲಿಯೇ ಸಿವೆಟ್‌ಗಳಲ್ಲಿಯೂ ನರಿಯ ಬಳಗದ ಒಂದು ರಕೂನ್ ನಾಯಿಯಲ್ಲಿಯೂ ವೈರಸ್ ಸಿಕ್ಕಿತು, ಫೆರೆಟ್ ಬ್ಯಾಡ್ಜರ್ ಎಂಬ ಮತ್ತೊಂದು ಪ್ರಾಣಿಯಲ್ಲಿ ಪ್ರತಿಕಾಯ ಸಿಕ್ಕಿತು. ಅದಕ್ಕಿಂತಲೂ ನನಗೆ ಮಹತ್ವದ್ದಾಗಿ ಕಾಣುವುದು ಅವರು ಅಲ್ಲಿಯ ವ್ಯಾಪಾರಿಗಳ ರಕ್ತವನ್ನೂ ಪರೀಕ್ಷಿಸಿದ್ದು. ಕಾಡುಪ್ರಾಣಿ ಮಾರುವ 20 ಮಂದಿಯಲ್ಲಿ 8 ಮಂದಿಗೆ, ಪ್ರಾಣಿಗಳನ್ನು ಕೊಯ್ಯುವ 15 ಮಂದಿಯಲ್ಲಿ 3 ಮಂದಿಗೆ, ಅದೇ ಮಾರುಕಟ್ಟೆಯಲ್ಲಿ ತರಕಾರಿ ಮಾರುವ 20 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪ್ರತಿಕಾಯಗಳಿದ್ದವು. ಒಂದೇ ಸೂರಿನಡಿ ಒಂದೇ ಗಾಳಿಯನ್ನು ಉಸಿರಾಡುತ್ತಿದ್ದರೂ ತರಕಾರಿಯವರಿಗೆ ಅಪರೂಪಕ್ಕೆ ತಗುಲಿದ್ದು ಕಾಡುಪ್ರಾಣಿ ಮಾರುವವರಿಗೆ ಹೆಚ್ಚಾಗಿ ತಗುಲಿತ್ತು. ತರಕಾರಿ ವ್ಯಾಪಾರಿಗಳನ್ನು ಹೋಲಿಕೆಗಾಗಿ ಸೇರಿಸಿಕೊಳ್ಳದಿದ್ದರೆ ಆ ಎಂಟು ಮಂದಿಯ ಫಲಿತಾಂಶಕ್ಕೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ.

ವುಹಾನ್‌ನಲ್ಲಿ ನಡೆದದ್ದು ಬೇರೆ. ಹುವಾನಾನ್ ಮಾರುಕಟ್ಟೆಯನ್ನು 2020ರ ಜನವರಿ 1ರಂದು ಮುಚ್ಚಲಾಯಿತು, ಸೋಂಕು ನಿವಾರಕ ಸಿಂಪಡಿಸಲಾಯಿತು, ಚೀನಾದ ರೋಗ ನಿಯಂತ್ರಣ ಕೇಂದ್ರದ ತಂಡ ಮಾದರಿ ಸಂಗ್ರಹಿಸಲು ಶುರುಮಾಡುವ ಹೊತ್ತಿಗೆ ಜೀವಂತ ಕಾಡುಪ್ರಾಣಿಗಳು ಅಲ್ಲಿರಲಿಲ್ಲ. ಆ ತಂಡ ಒಟ್ಟು 1,380 ಮಾದರಿಗಳನ್ನು ತೆಗೆಯಿತು: 923 ಪರಿಸರದಿಂದ, ಉಳಿದ 457 ಪ್ರಾಣಿಗಳಿಂದ. ಪರಿಸರದ ಮಾದರಿಗಳಲ್ಲಿ 74 ಪಾಸಿಟಿವ್ ಬಂದವು, ಪ್ರಾಣಿಗಳದ್ದು ಒಂದೂ ಬರಲಿಲ್ಲ. ಈ ಸೊನ್ನೆಯನ್ನು ಎಚ್ಚರದಿಂದ ಓದಬೇಕು. ಆ 457 ಮಾದರಿಗಳು ಬಂದದ್ದು ಶೈತ್ಯಾಗಾರದಲ್ಲಿದ್ದ ಮಾಂಸ, ಬೀದಿ ಬೆಕ್ಕುಗಳು, ಹಾವುಗಳು, ಮೊಲಗಳು ಮುಂತಾದ ಪ್ರಾಣಿಗಳಿಂದ. ಅವುಗಳಲ್ಲಿ ರಕೂನ್ ನಾಯಿಯಾಗಲಿ ಸಿವೆಟ್ ಆಗಲಿ ಇರಲಿಲ್ಲ. ಅನುಮಾನಿತರನ್ನು ಬಿಟ್ಟು ಉಳಿದವರನ್ನು ವಿಚಾರಿಸಿದ ತನಿಖೆಯಿಂದ ಅನುಮಾನಿತರು ನಿರಪರಾಧಿಗಳೆಂದು ತೀರ್ಮಾನಿಸಲಾಗದು.

ಆದ್ದರಿಂದ ಕ್ರಮ ಹೀಗಿರಬೇಕು. ಮಾರುಕಟ್ಟೆಯನ್ನು ಮುಚ್ಚಿಸಿ, ಆದರೆ ಪ್ರಾಣಿಗಳನ್ನು ಹೊರಗೆ ಸಾಗಿಸಲು ಬಿಡಬೇಡಿ, ನೆಲ ತೊಳೆಯಲು ಬಿಡಬೇಡಿ. ಮೊದಲು ಜೀವಂತ ಸಸ್ತನಿಗಳು: ಪ್ರತಿಯೊಂದರ ಮೂಗು, ಗಂಟಲು ಮತ್ತು ಗುದದ್ವಾರದ ಸ್ವಾಬ್, ಜೊತೆಗೆ ರಕ್ತ. ವೈರಸ್ ಪ್ರಾಣಿಯ ದೇಹದಲ್ಲಿ ಕೆಲವೇ ದಿನ ಇದ್ದು ಹೋಗುತ್ತದೆ. ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಸ್ವಾಬ್ ಮಾತ್ರ ತೆಗೆದು ರಕ್ತ ಬಿಟ್ಟರೆ ಹೋದ ವಾರದ ಸೋಂಕು ತಪ್ಪಿಹೋಗುತ್ತದೆ. ಪ್ರಾಣಿಯ ಫೋಟೊ, ಅಂಗಡಿಯ ಸಂಖ್ಯೆ, ಪಂಜರದ ಜಾಗ, ಅದು ಯಾವ ಊರಿನ ಯಾವ ಫಾರಂನಿಂದ ಯಾವ ದಿನ ಬಂತು ಎಂಬುದನ್ನು ಸ್ವಾಬ್‌ನ ಕೊಳವೆಯ ಮೇಲಿನ ಸಂಖ್ಯೆಯೊಡನೆ ಸ್ಥಳದಲ್ಲಿಯೇ ಜೋಡಿಸಬೇಕು. ವ್ಯಾಪಾರಿ ಹೇಳುವ ಹೆಸರನ್ನು ನಂಬಿ ಜಾತಿಯನ್ನು ಬರೆಯಬಾರದು, ಮೈಟೊಕಾಂಡ್ರಿಯದ ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಚರಂಡಿ, ಪಂಜರ, ತಳ್ಳುಗಾಡಿ, ಕೊಯ್ಯುವ ಹಲಗೆ, ಪುಕ್ಕ ತೆಗೆಯುವ ಯಂತ್ರ. ಮಾದರಿಗಳು ವೈರಸ್ ಸಾಗಿಸುವ ದ್ರವದಲ್ಲಿ, ತಣ್ಣಗೆ, ಸಾಧ್ಯವಾದಷ್ಟು ಬೇಗ ಮೈನಸ್ 80 ಡಿಗ್ರಿಯ ಫ್ರೀಜರ್ ತಲುಪಬೇಕು. ಇದರ ನಡುವೆ ಕೆಲಸಗಾರರ ಮತ್ತು ವ್ಯಾಪಾರಿಗಳ ರಕ್ತ ಸಂಗ್ರಹವೂ ನಡೆಯಬೇಕು. ಅದಕ್ಕೆ ಅವರ ಒಪ್ಪಿಗೆ ಬೇಕು, ಒಪ್ಪಿಗೆಗೆ ನಂಬಿಕೆ ಬೇಕು. ಹೆಸರು ಹೊರಬಂದರೆ ಕೇಸು ಬೀಳುತ್ತದೆ, ಸರಕು ಹೋದರೆ ಪರಿಹಾರ ಸಿಗುವುದಿಲ್ಲ ಎಂಬ ಭಯವಿರುವ ವ್ಯಾಪಾರಿ ರಾತ್ರೋರಾತ್ರಿ ಪಂಜರ ಖಾಲಿ ಮಾಡುತ್ತಾನೆ. ಪರಿಹಾರವನ್ನೂ ಗೋಪ್ಯತೆಯನ್ನೂ ಮೊದಲ ದಿನವೇ ಘೋಷಿಸುವುದು ತನಿಖೆಯ ಅಂಗವೇ ಹೊರತು ಔದಾರ್ಯವಲ್ಲ.

ಪರಿಸರದ ಮಾದರಿಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದಕ್ಕೆ ಹುವಾನಾನ್‌ನ ಒಂದು ಅಂಗಡಿಯೇ ಪಾಠ. ಮಾರುಕಟ್ಟೆಯ ಪಶ್ಚಿಮ ಭಾಗದ ನೈರುತ್ಯ ಮೂಲೆಯಲ್ಲಿ ಕಾಡುಪ್ರಾಣಿ ಮಾರುವ ಅಂಗಡಿಗಳು ಒತ್ತಾಗಿದ್ದವು. ಅಲ್ಲಿನ ಒಂದು ಅಂಗಡಿಯ ಕಬ್ಬಿಣದ ಪಂಜರ, ತಳ್ಳುಗಾಡಿಗಳು, ಕೂದಲು ಪುಕ್ಕ ತೆಗೆಯುವ ಯಂತ್ರ ಇವುಗಳಿಂದ ತೆಗೆದ ಮಾದರಿಗಳು ಪಾಸಿಟಿವ್ ಬಂದವು. ವೈರಸ್ ತಜ್ಞ ಎಡ್ವರ್ಡ್ ಹೋಮ್ಸ್ 2014ರಲ್ಲಿ ಆ ಮಾರುಕಟ್ಟೆಗೆ ಹೋಗಿದ್ದಾಗ, ಹಕ್ಕಿಗಳ ಪಂಜರದ ಮೇಲೆ ಇಟ್ಟಿದ್ದ ಪಂಜರದಲ್ಲಿ ರಕೂನ್ ನಾಯಿಯನ್ನು ಕಂಡು ಫೋಟೊ ತೆಗೆದಿದ್ದದ್ದು ಇದೇ ಜಾಗದಲ್ಲಿ. ಮಾದರಿಗಳ ಪೂರ್ತಿ ಜೀನ್ ಮಾಹಿತಿಯನ್ನು ಮರಳಿ ವಿಶ್ಲೇಷಿಸಿದ ಅಂತರರಾಷ್ಟ್ರೀಯ ತಂಡ 2024ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ವೈರಸ್ ಸಿಕ್ಕ ಅಂಗಡಿಗಳ ಸ್ವಾಬ್‌ಗಳಲ್ಲಿಯೇ ರಕೂನ್ ನಾಯಿಯ ಮತ್ತು ಸಿವೆಟ್‌ನ ಆನುವಂಶಿಕ ವಸ್ತುವೂ ಇತ್ತೆಂದು ತೋರಿಸಿದೆ. ಈ ಪ್ರಾಣಿಗಳು ಅಲ್ಲಿ ಇದ್ದವು ಎಂಬುದು ಇದರಿಂದ ಖಚಿತವಾಯಿತು. ಅವುಗಳಿಗೆ ಸೋಂಕಿತ್ತು ಎಂಬುದು ಖಚಿತವಾಗಲಿಲ್ಲ. ಜೆಸ್ಸಿ ಬ್ಲೂಮ್ ಎಂಬ ವಿಜ್ಞಾನಿ ಅದೇ ಮಾಹಿತಿಯನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕಿದಾಗ, ವೈರಸ್ಸಿನ ಪ್ರಮಾಣ ಹೆಚ್ಚಾಗಿ ಹೊಂದಿಕೆಯಾದದ್ದು ಮೀನುಗಳ ಆನುವಂಶಿಕ ವಸ್ತುವಿನ ಜೊತೆಗೆ. ಮೀನಿಗೆ ಈ ಸೋಂಕು ತಗುಲುವುದೇ ಇಲ್ಲ. ಮಾದರಿ ತೆಗೆಯುವ ಹೊತ್ತಿಗೆ ಸೋಂಕಿತ ಮನುಷ್ಯರು ಮಾರುಕಟ್ಟೆಯ ತುಂಬೆಲ್ಲ ವೈರಸ್ ಹರಡಿದ್ದರು ಎಂಬುದನ್ನು ಇದು ನೆನಪಿಸುತ್ತದೆ. ನಾನು ಈ ಎರಡೂ ವಿಶ್ಲೇಷಣೆಗಳನ್ನು ಗೌರವಿಸುತ್ತೇನೆ. ಒಂದು ಜೀವಂತ ರಕೂನ್ ನಾಯಿಯ ರಕ್ತದ ಮಾದರಿ ಇದ್ದಿದ್ದರೆ ಇಷ್ಟು ವರ್ಷಗಳ ಈ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲವೆಂಬುದು ಇಂದಿಗೂ ನೋವಿನ ಸಂಗತಿ.

ಮಾರುಕಟ್ಟೆಯಿಂದ ಹಿಂದಕ್ಕೆ

ಪ್ರಾಣಿ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುವುದು ಮುಂದಿನ ಕೆಲಸ: ಸಗಟು ವ್ಯಾಪಾರಿ, ಲಾರಿ, ಫಾರಂ, ಬೇಟೆಗಾರ. ಯಾವ ಪ್ರಾಣಿಗಳು ಮಾರಾಟವಾಗುತ್ತಿದ್ದವು ಎಂಬುದಕ್ಕೆ ಅಧಿಕೃತ ದಾಖಲೆಯನ್ನಷ್ಟೇ ನೆಚ್ಚಿಕೊಳ್ಳಬಾರದು. ವುಹಾನ್‌ನ ಮಾರುಕಟ್ಟೆಗಳಲ್ಲಿ 2017ರ ಮೇ ತಿಂಗಳಿನಿಂದ 2019ರ ನವೆಂಬರಿನವರೆಗೆ 38 ಜಾತಿಯ 47,381 ಪ್ರಾಣಿಗಳು ಮಾರಾಟವಾದವೆಂದೂ ಅವುಗಳಲ್ಲಿ ರಕೂನ್ ನಾಯಿ, ಸಿವೆಟ್, ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗಳಿದ್ದವೆಂದೂ ಬಾವಲಿಯಾಗಲಿ ಚಿಪ್ಪುಹಂದಿಯಾಗಲಿ ಇರಲಿಲ್ಲವೆಂದೂ ನಮಗೆ ತಿಳಿದದ್ದು, ಉಣುಗಿನಿಂದ ಹರಡುವ ಬೇರೊಂದು ಜ್ವರದ ಮೂಲ ಹುಡುಕುತ್ತ ತಿಂಗಳು ತಿಂಗಳೂ ಅಂಗಡಿಗಳಿಗೆ ಹೋಗುತ್ತಿದ್ದ ಸಂಶೋಧಕರ ಟಿಪ್ಪಣಿಗಳಿಂದ. ಉಣುಗು ಮತ್ತು ಪ್ರಾಣಿ ಎರಡನ್ನೂ ಒಟ್ಟಿಗೆ ಗಮನಿಸುವ ಈ ಬಗೆಯ ದುಡಿಮೆ ಮಲೆನಾಡಿನವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನು ಕಡೆಗಣಿಸದೆ, ಸತ್ತ ಮಂಗ, ಜ್ವರ ಬಂದ ಮನುಷ್ಯ ಮತ್ತು ಕಾಡಿನ ಉಣುಗು ಮೂರರಿಂದಲೂ ಮಾದರಿ ತೆಗೆದದ್ದರಿಂದಲೇ ಮಂಗನ ಕಾಯಿಲೆಯ ವೈರಸ್ ಬೇಗ ಕೈಗೆ ಸಿಕ್ಕಿತು.

ಫಾರಂನಲ್ಲಿ ಎಷ್ಟು ಪ್ರಾಣಿಗಳನ್ನು ಪರೀಕ್ಷಿಸಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ನೂರಕ್ಕೆ ಐದು ಪ್ರಾಣಿಗಳಿಗೆ ಸೋಂಕಿದ್ದರೆ, ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ ಶೇ. 95 ಇರಬೇಕಾದರೆ, ಯಾದೃಚ್ಛಿಕವಾಗಿ ಆರಿಸಿದ 59 ಪ್ರಾಣಿಗಳನ್ನು ಪರೀಕ್ಷಿಸಬೇಕು. ನೂರಕ್ಕೆ ಒಂದೇ ಇದ್ದರೆ ಸುಮಾರು 300. ಈ ಲೆಕ್ಕ ಪ್ರತಿ ಜಾತಿಗೂ, ಪ್ರತಿ ಪೂರೈಕೆ ಪ್ರದೇಶಕ್ಕೂ ಬೇರೆ ಬೇರೆ. ಚೀನಾದ 31 ಪ್ರಾಂತ್ಯಗಳಿಂದ 80,000ಕ್ಕೂ ಹೆಚ್ಚು ಪ್ರಾಣಿ ಮಾದರಿಗಳನ್ನು ಪರೀಕ್ಷಿಸಿ ಏನೂ ಸಿಗಲಿಲ್ಲ ಎಂದು 2021ರ ಜಂಟಿ ವರದಿ ಹೇಳಿತು. ಅಂಕಿ ದೊಡ್ಡದು. ಆದರೆ ಕೋಳಿ, ದನ, ಹಂದಿಗಳನ್ನು ಸಾವಿರಗಟ್ಟಲೆ ಪರೀಕ್ಷಿಸಿದರೂ ವುಹಾನ್‌ಗೆ ರಕೂನ್ ನಾಯಿಗಳನ್ನು ಕಳಿಸುತ್ತಿದ್ದ ಫಾರಂಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಂಟೆಗಳಲ್ಲಿ ಇದಕ್ಕೆ ವಿರುದ್ಧವಾದ ಅನುಭವವಾಯಿತು: 2013ರಲ್ಲಿ ಒಮಾನ್‌ನ 50 ಒಂಟೆಗಳ ರಕ್ತ ಪರೀಕ್ಷಿಸಿದಾಗ ಐವತ್ತರಲ್ಲೂ ಮೆರ್ಸ್ ವೈರಸ್ಸನ್ನು ತಟಸ್ಥಗೊಳಿಸುವ ಪ್ರತಿಕಾಯಗಳಿದ್ದವು. ಸರಿಯಾದ ಜಾತಿಗೆ ಕೈ ಹಾಕಿದರೆ ಐವತ್ತು ಮಾದರಿ ಸಾಕು.

ಬಾವಲಿಗಳ ಗುಹೆ

ಆಶ್ರಯ ಪ್ರಾಣಿಯ ಹುಡುಕಾಟಕ್ಕೆ ಅವಸರವಿಲ್ಲ. ಬಾವಲಿಗಳು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ. ಸಾರ್ಸ್ ಬಳಗದ ವೈರಸ್‌ಗಳು ನೆಲೆಸಿರುವುದು ಕುದುರೆಲಾಳದ ಆಕಾರದ ಮೂಗಿರುವ, ಹುಳ ತಿನ್ನುವ ಸಣ್ಣ ಬಾವಲಿಗಳಲ್ಲಿ ಎಂಬುದು 2005ರಲ್ಲಿ ತಿಳಿಯಿತು. ಯುನ್ನಾನ್ ಪ್ರಾಂತ್ಯದ ಒಂದೇ ಗುಹೆಯಲ್ಲಿ ಐದು ವರ್ಷಗಳ ಕಾಲ ಮಾದರಿ ಸಂಗ್ರಹಿಸಿದ ಮೇಲೆ, ಸಾರ್ಸ್ ವೈರಸ್ಸಿನ ಜೀನೋಮಿನ, ಅಂದರೆ ಅದರ ಇಡೀ ಆನುವಂಶಿಕ ಬರಹದ, ಎಲ್ಲ ಭಾಗಗಳೂ ಅಲ್ಲಿನ ಬೇರೆ ಬೇರೆ ಬಾವಲಿ ವೈರಸ್‌ಗಳಲ್ಲಿ ಹಂಚಿಕೊಂಡಿವೆ ಎಂದು 2017ರಲ್ಲಿ ಗೊತ್ತಾಯಿತು. ಅಷ್ಟು ಹೊತ್ತಿಗೆ ಕಾಯಿಲೆ ಬಂದು ಹದಿನೈದು ವರ್ಷ ಕಳೆದಿತ್ತು.

ಗುಹೆಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದಿರಬೇಕು, ರೇಬಿಸ್ ಲಸಿಕೆ ಮೊದಲೇ ಹಾಕಿಸಿಕೊಂಡಿರಬೇಕು, ಎನ್95 ಮಾಸ್ಕ್, ಕನ್ನಡಕ, ಎರಡು ಪದರದ ಕೈಗವಸು, ಮೈಮುಚ್ಚುವ ಉಡುಪು ಧರಿಸಿರಬೇಕು. ಹಿಡಿದ ಬಾವಲಿಯಿಂದ ಸ್ವಾಬ್ ತೆಗೆದು ಬಿಟ್ಟುಬಿಡಬೇಕು, ಕೊಲ್ಲುವ ಅಗತ್ಯವಿಲ್ಲ. ಗುಹೆಯ ನೆಲದ ಮೇಲೆ ಹಾಳೆ ಹಾಸಿ ಬಿದ್ದ ಹಿಕ್ಕೆಯನ್ನು ಸಂಗ್ರಹಿಸುವುದು ಇನ್ನೂ ಸುರಕ್ಷಿತ. ಮರಿ ಹಾಕುವ ಕಾಲದಲ್ಲಿ ಬಾವಲಿಗಳನ್ನು ಕೆಣಕಬಾರದು. ಕೂಲಿ ಕೊಟ್ಟು ಊರಿನವರನ್ನು ರಕ್ಷಣೆಯಿಲ್ಲದೆ ಒಳಗೆ ಕಳಿಸುವುದು ಅಕ್ಷಮ್ಯ. 2012ರಲ್ಲಿ ಯುನ್ನಾನ್‌ನ ಮೋಜಿಯಾಂಗ್‌ನಲ್ಲಿ ಬಾವಲಿಗಳಿದ್ದ ಗಣಿಯೊಳಗೆ ಹಿಕ್ಕೆ ತೆರವು ಮಾಡಲು ಹೋದ ಆರು ಮಂದಿ ನ್ಯುಮೋನಿಯಾಕ್ಕೆ ತುತ್ತಾಗಿ, ಅವರಲ್ಲಿ ಮೂವರು ತೀರಿಕೊಂಡರು.

ಬಾವಲಿಯಲ್ಲಿ ಯಾವುದೋ ಕೊರೊನಾ ವೈರಸ್ ಸಿಕ್ಕಿತೆಂಬ ಸುದ್ದಿಯನ್ನು ಬರೆಯುವಾಗಲೂ ವಿವೇಚನೆ ಬೇಕು. 2020ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕೇರಳ, ತಮಿಳುನಾಡು ಮೊದಲಾದ ಕಡೆಯ ಹಣ್ಣು ತಿನ್ನುವ ಬಾವಲಿಗಳಲ್ಲಿ ಕೊರೊನಾ ವೈರಸ್‌ಗಳನ್ನು ಪತ್ತೆಹಚ್ಚಿತು. ಅವು ಕೋವಿಡ್ ವೈರಸ್ಸಿಗೆ ದೂರದ ನೆಂಟರು, ಮನುಷ್ಯರಿಗೆ ಕಾಯಿಲೆ ತಂದ ಪುರಾವೆಯಿಲ್ಲ. ಆ ಸುದ್ದಿ ಓದಿ ಊರ ಆಲದ ಮರದ ಬಾವಲಿಗಳನ್ನು ಓಡಿಸಲು ಹೊರಟರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಜೀನೋಮ್ ಓದುವುದು

ಕೋವಿಡ್ ವೈರಸ್ಸಿನ ಜೀನೋಮಿನಲ್ಲಿ ಸುಮಾರು 29,900 ಅಕ್ಷರಗಳಿವೆ. ಮೋಜಿಯಾಂಗ್‌ನಲ್ಲಿ 2013ರಲ್ಲಿ ತೆಗೆದ ಬಾವಲಿಯ ಮಾದರಿಯಲ್ಲಿದ್ದ ಆರ್‌ಎಟಿಜಿ13 ಎಂಬ ವೈರಸ್ ಅದಕ್ಕೆ ಶೇ. 96.2ರಷ್ಟು ಹೋಲುತ್ತದೆ, ಲಾವೋಸ್‌ನಲ್ಲಿ ಸಿಕ್ಕ ಬನಾಲ್-52 ಶೇ. 96.8ರಷ್ಟು. ಇಷ್ಟು ಹೋಲಿಕೆ ಕಂಡೊಡನೆ ಮೂಲ ಸಿಕ್ಕಿತೆಂದು ಅನೇಕರು ಬರೆದರು. ಲೆಕ್ಕ ಹಾಕಿ ನೋಡಿ: ಶೇ. 4ರಷ್ಟು ವ್ಯತ್ಯಾಸವೆಂದರೆ ಸಾವಿರಕ್ಕೂ ಹೆಚ್ಚು ಅಕ್ಷರಗಳು. ಮನುಷ್ಯರಲ್ಲಿ ಹರಡುವಾಗ ಈ ವೈರಸ್ ತಿಂಗಳಿಗೆ ಸುಮಾರು ಎರಡು ಅಕ್ಷರ ಬದಲಿಸಿಕೊಳ್ಳುತ್ತಿತ್ತು. ಆದ್ದರಿಂದ ಇವು ದಶಕಗಳ ಹಿಂದೆ ಕವಲೊಡೆದ ದಾಯಾದಿಗಳೇ ಹೊರತು ತಂದೆ ಮಗ ಅಲ್ಲ. ನೇರ ಮೂಲವೆಂದು ಹೇಳಬೇಕಾದರೆ ಹೋಲಿಕೆ ಶೇ. 99ನ್ನು ಮೀರಿರಬೇಕು; ಶೆನ್‌ಜೆನ್‌ನ ಸಿವೆಟ್ ವೈರಸ್ಸಿಗೂ ಮನುಷ್ಯರ ಸಾರ್ಸ್ ವೈರಸ್ಸಿಗೂ ಇದ್ದದ್ದು ಅಂಥ ಹೋಲಿಕೆ.

ಕೊರೊನಾ ವೈರಸ್‌ಗಳು ಒಂದೇ ಕೋಶದಲ್ಲಿ ಸೇರಿದಾಗ ಜೀನೋಮಿನ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹಾಗಾಗಿ ಇಡೀ ಜೀನೋಮಿಗೆ ಒಂದೇ ವಂಶವೃಕ್ಷ ಬರೆಯುವುದು ತಪ್ಪು. ತುಂಡು ತುಂಡಿಗೂ ಬೇರೆ ವೃಕ್ಷ ಬರೆಯಬೇಕು. ಗುವಾಂಗ್‌ಡಾಂಗ್‌ನಲ್ಲಿ ಕಳ್ಳಸಾಗಣೆಯಿಂದ ವಶಪಡಿಸಿಕೊಂಡ ಚಿಪ್ಪುಹಂದಿಗಳ ವೈರಸ್, ಮನುಷ್ಯನ ಕೋಶಕ್ಕೆ ಅಂಟಿಕೊಳ್ಳುವ ಭಾಗದಲ್ಲಿ ಮಾತ್ರ ಕೋವಿಡ್ ವೈರಸ್ಸನ್ನು ಬಹಳ ಹೋಲುತ್ತಿತ್ತು, ಉಳಿದ ಭಾಗದಲ್ಲಿ ಬಾವಲಿಯದ್ದಕ್ಕಿಂತ ದೂರವಿತ್ತು. ಒಂದು ಭಾಗವನ್ನಷ್ಟೇ ನೋಡಿ ಚಿಪ್ಪುಹಂದಿಯ ಮೇಲೆ ಹೊರಿಸಿದ ಆರೋಪ ನಿಲ್ಲಲಿಲ್ಲ.

ಸೋಂಕಿನ ದಿಕ್ಕನ್ನು ತಿಳಿಯುವುದು ಇನ್ನೊಂದು ಸೂಕ್ಷ್ಮ. ಪ್ರಾಣಿಯಲ್ಲಿ ವೈರಸ್ ಸಿಕ್ಕರೆ ಅದೇ ಮೂಲವಾಗಬೇಕಿಲ್ಲ. 2021ರ ಮೇ ತಿಂಗಳಿನಲ್ಲಿ ಹೈದರಾಬಾದಿನ ನೆಹರು ಪ್ರಾಣಿಸಂಗ್ರಹಾಲಯದ ಎಂಟು ಸಿಂಹಗಳಿಗೆ ಕೋವಿಡ್ ಬಂದದ್ದು ಮನುಷ್ಯರಿಂದ. ಯುರೋಪಿನ ಮಿಂಕ್ ಫಾರಂಗಳಲ್ಲಿ ಮನುಷ್ಯರಿಂದ ಪ್ರಾಣಿಗೆ, ಮತ್ತೆ ಪ್ರಾಣಿಯಿಂದ ಮನುಷ್ಯರಿಗೆ, ಎರಡೂ ಕಡೆಗೆ ದಾಟಿತು. ದಿಕ್ಕು ತಿಳಿಯಲು ಎರಡು ಆಧಾರಗಳಿವೆ. ಮೂಲವಾಗಿರುವ ಪ್ರಾಣಿಯಲ್ಲಿ ವೈರಸ್ಸಿನ ವೈವಿಧ್ಯ ಹೆಚ್ಚಿದ್ದು, ಮನುಷ್ಯರ ವೈರಸ್‌ಗಳು ಆ ವೃಕ್ಷದೊಳಗಿನ ಸಣ್ಣ ರೆಂಬೆಗಳಾಗಿ ಕಾಣಬೇಕು. ಮೆರ್ಸ್ ಮತ್ತು ಒಂಟೆಗಳ ವಿಷಯದಲ್ಲಿ ಹಾಗೆಯೇ ಕಂಡಿದೆ. ಎರಡನೆಯದು ಪ್ರತಿಕಾಯದ ಕಾಲಕ್ರಮ. ಜೆಡ್ಡಾದಲ್ಲಿ 2013ರ ಕೊನೆಗೆ ಮೆರ್ಸ್‌ನಿಂದ ಮೃತಪಟ್ಟ ಒಂಟೆ ಸಾಕಣೆದಾರರೊಬ್ಬರ ವೈರಸ್ಸೂ ಅವರ ಒಂಟೆಯ ವೈರಸ್ಸೂ ಒಂದೇ ಆಗಿದ್ದವು. ಅಷ್ಟಕ್ಕೇ ನಿಲ್ಲದೆ ರಕ್ತವನ್ನೂ ಪರೀಕ್ಷಿಸಿದ್ದರಿಂದ, ಅವರಿಗೆ ಸೋಂಕು ತಗುಲುವ ಮೊದಲೇ ಒಂಟೆಗಳಲ್ಲಿ ವೈರಸ್ ಓಡಾಡುತ್ತಿತ್ತೆಂದು ಗೊತ್ತಾಯಿತು. ದಾಟಿದ್ದು ಯಾವ ಕಡೆಯಿಂದ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಪ್ರಯೋಗಾಲಯದ ಊಹೆಯನ್ನು ಪರೀಕ್ಷಿಸುವುದು ಮತ್ತು ವರದಿ ಬರೆಯುವುದು

ಆ ನಗರದಲ್ಲಿ ಅದೇ ಬಳಗದ ವೈರಸ್‌ಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯವಿದ್ದರೆ ಅದನ್ನೂ ತನಿಖೆಯೊಳಗೆ ತರಲೇಬೇಕು. ಇದರಲ್ಲಿ ಅವಮಾನವೇನೂ ಇಲ್ಲ; 2004ರಲ್ಲಿ ಬೀಜಿಂಗ್‌ನ ಪ್ರಯೋಗಾಲಯದಿಂದಲೇ ಸಾರ್ಸ್ ಹೊರಬಂದು ಒಂದು ಸಾವೂ ಸಂಭವಿಸಿತ್ತು. ಕೇಳಬೇಕಾದವು ಫ್ರೀಜರ್ ಪಟ್ಟಿ, ಪ್ರಯೋಗದ ನೋಟುಪುಸ್ತಕಗಳು, ಜೀನ್ ಮಾಹಿತಿಯ ಸಂಗ್ರಹ, ಸಿಬ್ಬಂದಿಯ ಆರೋಗ್ಯ ದಾಖಲೆ ಮತ್ತು ಶೇಖರಿಸಿಟ್ಟ ರಕ್ತ. ವುಹಾನ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2025ರ ಜೂನ್ ತಿಂಗಳಿನಲ್ಲಿ ನೀಡಿದ ವರದಿ, ಲಭ್ಯವಿರುವ ಸಾಕ್ಷ್ಯದ ತೂಕ ಪ್ರಾಣಿಯಿಂದ ದಾಟಿದ್ದರ ಕಡೆಗಿದೆ ಎನ್ನುತ್ತಲೇ, ಆರಂಭದ ರೋಗಿಗಳ ನೂರಾರು ಜೀನ್ ಅನುಕ್ರಮಗಳು, ಮಾರುಕಟ್ಟೆಯ ಪ್ರಾಣಿಗಳ ವಿವರ, ಪ್ರಯೋಗಾಲಯಗಳ ಕೆಲಸದ ಮತ್ತು ಸುರಕ್ಷತೆಯ ಮಾಹಿತಿ ಚೀನಾದಿಂದ ಬಂದಿಲ್ಲವಾದ್ದರಿಂದ ಯಾವ ಊಹೆಯನ್ನೂ ಕೈಬಿಡಲಾಗದು ಎಂದಿದೆ. ಸಾಕ್ಷ್ಯವನ್ನು ಓದಿದ ಮೇಲೆ ನನ್ನ ಒಲವು ಮಾರುಕಟ್ಟೆಯ ಕಡೆಗೇ ಇದೆ. ಆದರೆ ಒಲವನ್ನು ತೀರ್ಪೆಂದು ಬರೆಯುವ ಹಕ್ಕು ನನಗಿಲ್ಲ.

ವರದಿಯಲ್ಲಿ ಪ್ರತಿ ವಾಕ್ಯದ ಬಲವನ್ನು ಸ್ಪಷ್ಟವಾಗಿ ಹೇಳಬೇಕು: ನೋಡಿದ್ದು ಯಾವುದು, ಲೆಕ್ಕದಿಂದ ಊಹಿಸಿದ್ದು ಯಾವುದು, ಪರೀಕ್ಷಿಸಲು ಅವಕಾಶವೇ ಸಿಗದದ್ದು ಯಾವುದು. "ಸೋಂಕು ಸಿಗಲಿಲ್ಲ" ಎಂದು ಬರೆದಲ್ಲೆಲ್ಲ ಎಷ್ಟು ಪ್ರಾಣಿ, ಯಾವ ಜಾತಿ, ಯಾವ ದಿನ, ಯಾವ ಪರೀಕ್ಷೆ ಎಂಬ ನಾಲ್ಕು ವಿವರಗಳು ಪಕ್ಕದಲ್ಲಿಯೇ ಇರಬೇಕು. ಜೀನ್ ಮಾಹಿತಿಯನ್ನು ಪೂರ್ತಿಯಾಗಿ, ಸೋಸದೆ, ಸಾರ್ವಜನಿಕ ಸಂಗ್ರಹಕ್ಕೆ ಕೂಡಲೇ ಸೇರಿಸಬೇಕು. ಹುವಾನಾನ್ ಮಾದರಿಗಳ ಮಾಹಿತಿ ಹೊರಗಿನ ವಿಜ್ಞಾನಿಗಳ ಕಣ್ಣಿಗೆ ಬೀಳಲು ಮೂರು ವರ್ಷ ಹಿಡಿಯಿತು. ಉಳಿದ ಸೀರಮ್ (ರಕ್ತದ ತಿಳಿದ್ರವ) ಮತ್ತು ಸ್ವಾಬ್‌ಗಳನ್ನು ಎಸೆಯದೆ ಸಣ್ಣ ಸಣ್ಣ ಕೊಳವೆಗಳಲ್ಲಿ ಹಂಚಿ, ಕನಿಷ್ಠ ಎರಡು ಊರುಗಳ ಫ್ರೀಜರ್‌ಗಳಲ್ಲಿ, ಸ್ಥಳ ಮತ್ತು ದಿನಾಂಕದ ಚೀಟಿಯೊಡನೆ ಇಡಬೇಕು. ಸುಡಾನ್ ಮತ್ತು ಸೊಮಾಲಿಯಾದ ಒಂಟೆಗಳಿಂದ 1983ರಿಂದ ಮುಂದಕ್ಕೆ ಬೇರಾವುದೋ ಉದ್ದೇಶಕ್ಕೆ ತೆಗೆದಿಟ್ಟಿದ್ದ ಸೀರಮ್ಮನ್ನು 2014ರಲ್ಲಿ ಪರೀಕ್ಷಿಸಿದಾಗಲೇ, ಮನುಷ್ಯರಲ್ಲಿ ಮೆರ್ಸ್ ಪತ್ತೆಯಾಗುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಆ ವೈರಸ್ ಒಂಟೆಗಳಲ್ಲಿತ್ತೆಂದು ತಿಳಿದದ್ದು.